ಬೊರಾಬೊರಾ ಹನಿಮೂನ್: ಮೊದಲು ವೀಸಾ, ಆಮೇಲೆ ಟಿಕೆಟ್
ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ, ಕಷ್ಟವೆಲ್ಲ ಅಲ್ಲಿಂದಾಚೆಗೆ. ತಾಹಿತಿ, ಬೊರಾಬೊರಾ ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದ ದ್ವೀಪಗಳು. ಫ್ರಾನ್ಸಿಗೆ ಸೇರಿದ್ದರೂ ಮಾಮೂಲಿ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ನಡೆಯಲ್ಲ. ಅರ್ಜಿಯಲ್ಲೇ ಫ್ರೆಂಚ್ ಪಾಲಿನೇಷ್ಯಾ ಎಂದು ನಮೂದಿಸಬೇಕು. ಆಕ್ಲೆಂಡ್ ಮೇಲೆ ಹೋದರೆ ಅಲ್ಲಿ ವಿಮಾನ ಬದಲಿಸಲು ನ್ಯೂಜಿಲೆಂಡಿನ ಟ್ರಾನ್ಸಿಟ್ ವೀಸಾನೂ ಬೇಕು. ಟಿಕೆಟ್ಟಿನಲ್ಲಿ ಪಾಸ್‌ಪೋರ್ಟಿನ ಹೆಸರೇ ಇರಲಿ, ಲಗ್ನಪತ್ರಿಕೆಯದ್ದಲ್ಲ.

ಎಡವೋದು ತಾರೀಖಿನಲ್ಲಿ. ತಾಹಿತಿ ನಮಗಿಂತ 15 ಗಂಟೆ 30 ನಿಮಿಷ ಹಿಂದೆ. ಆಕ್ಲೆಂಡಿನಿಂದ 10ರ ಮಧ್ಯಾಹ್ನ ಹೊರಟರೆ, ತಾರೀಖು ಬದಲಾಗುವ ದಿನಾಂಕ ರೇಖೆ ದಾಟಿ ತಾಹಿತಿಯಲ್ಲಿ ಇಳಿಯುವುದು 9ರ ರಾತ್ರಿ! ರೂಮನ್ನು 9ರಿಂದಲೇ ಬುಕ್ ಮಾಡಿ. ಬೊರಾಬೊರಾದ ವಿಮಾನ ನಿಲ್ದಾಣ ಇರೋದು ಪುಟ್ಟ ನಡುಗಡ್ಡೆಯಲ್ಲಿ, ಹೋಟೆಲಿಗೆ ದೋಣಿಯಲ್ಲೇ ಹೋಗಬೇಕು. ಅದರ ಬಾಡಿಗೆ ಸೇರಿದೆಯೇ ಎಂದು ಮೊದಲೇ ಕೇಳಿ.

ಮಳೆ ಕಡಿಮೆಯಿರುವುದು ಮೇ–ಅಕ್ಟೋಬರ್. ಆಷಾಢವೂ ಅದರೊಳಗೇ ಬರುತ್ತೆ. ಹಿರಿಯರನ್ನು ಒಪ್ಪಿಸೋದು ನಿಮಗೆ ಬಿಟ್ಟಿದ್ದು.