ಎದೆಬಡಿತ 178, ಲ್ಯಾಪ್ ಮಾತ್ರ ನಿಧಾನ: ಟ್ರ್ಯಾಕ್ ದಿನಚರಿ

ಮೊದಲ ದಿನ

ಕಾರು ನಿಲ್ಲಿಸಿ ಎರಡು ನಿಮಿಷವಾದರೂ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಆಗಲಿಲ್ಲ. ಎರಡು ಉಂಗುರಗಳ ನಡುವಿನಿಂದ ಪಟ್ಟಿ ಎಳೆಯುವುದಷ್ಟೇ ಕೆಲಸ, ಆದರೆ ಬೆರಳುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ತರಬೇತುದಾರರೇ ಬಿಚ್ಚಿಕೊಟ್ಟು, "ಎಷ್ಟು ವೇಗ ಹೋದೆ ಅನ್ನಿಸ್ತು?" ಅಂದರು. "ಜೀವ ಬಾಯಿಗೆ ಬರುವಷ್ಟು" ಅಂದೆ. ಟೈಮರ್ ತೋರಿಸಿದರು: 1 ನಿಮಿಷ 52.6 ಸೆಕೆಂಡ್. ಇದೇ ಕಾರಿನಲ್ಲಿ ಅವರು 1:39ಕ್ಕೆ ಸುತ್ತು ಮುಗಿಸುತ್ತಾರೆ, ಅದೂ ನನ್ನ ಜೊತೆ ಹರಟುತ್ತಾ.

ಅಂದರೆ ನನಗೆ ಬಂದಿದ್ದ ಆವೇಶಕ್ಕೂ ಕಾರಿಗೆ ಬಂದಿದ್ದ ವೇಗಕ್ಕೂ ಸಂಬಂಧವೇ ಇರಲಿಲ್ಲ. ಇದು ತಲೆಯಲ್ಲಿ ಕೂತುಬಿಟ್ಟಿತು. ಮುಂದಿನ ಸಲದಿಂದ ಎದೆಗೆ ಹಾರ್ಟ್‌ರೇಟ್ ಪಟ್ಟಿ ಕಟ್ಟಿಕೊಳ್ಳುವುದು, ಪ್ರತಿ ಸುತ್ತಿನ ಸಮಯದ ಪಕ್ಕ ಎದೆಬಡಿತವನ್ನೂ ಬರೆದಿಡುವುದು ಎಂದು ತೀರ್ಮಾನಿಸಿದೆ.

ಕಾರು 1.6 ಲೀಟರ್ ಎಂಜಿನ್ನಿನ ಹ್ಯಾಚ್‌ಬ್ಯಾಕ್, ಮುಂದಿನ ಚಕ್ರಗಳೇ ಎಳೆಯುವಂಥದ್ದು. ಹಿಂದಿನ ಸೀಟು, ಕಾರ್ಪೆಟ್ ಎಲ್ಲ ಕಿತ್ತು ಕಾರು ಮಗುಚಿದರೆ ಕಾಪಾಡುವ ರೋಲ್ ಕೇಜ್, ಬಕೆಟ್ ಸೀಟು, ಮೈಯನ್ನು ಸೀಟಿಗೆ ಬಿಗಿಯುವ ಹಾರ್ನೆಸ್ ಹಾಕಿಸಿದ್ದೇನೆ. "ಇದೂ ಒಂದು ರೇಸ್ ಕಾರಾ?" ಎಂದು ನಗುವವರಿದ್ದಾರೆ. ನೇರ ಹಾದಿಯ ಕೊನೆಯಲ್ಲಿ ಇದು 168 ಕಿ.ಮೀ. ಮುಟ್ಟುತ್ತದೆ, ಅಂದರೆ ಸೆಕೆಂಡಿಗೆ 46 ಮೀಟರಿಗೂ ಹೆಚ್ಚು. ಕಾಲು ಸೆಕೆಂಡ್ ತಡವಾಗಿ ಬ್ರೇಕ್ ಒತ್ತಿದರೆ ಹನ್ನೆರಡು ಮೀಟರ್ ಹತ್ತಿರ ಕಳೆದುಹೋಗಿರುತ್ತದೆ. ನಗುವವರು ಒಮ್ಮೆ ಪಕ್ಕದಲ್ಲಿ ಕೂತು ನೋಡಲಿ.

ಎರಡನೇ ದಿನ

ಮನೆಯಲ್ಲಿ ಸುಮ್ಮನೆ ಕೂತಾಗ ನನ್ನ ಎದೆಬಡಿತ 64. ಟ್ರ್ಯಾಕಿಗೆ ಇಳಿಯುವ ಮೊದಲು ಕಾಯುವ ಪಿಟ್ ಲೇನಿನಲ್ಲಿ ಬೆಲ್ಟ್ ಬಿಗಿದುಕೊಂಡು, ಎಂಜಿನ್ ಚಾಲೂ ಮಾಡಿ, ಹಸಿರು ಬಾವುಟಕ್ಕೆ ಕಾಯುತ್ತಿದ್ದಾಗ 121. ಕಾರು ಒಂದು ಇಂಚೂ ಕದಲಿರಲಿಲ್ಲ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಬಾವುಟಕ್ಕೆ ಕಾಯುವುದಿಲ್ಲ. ಮುಂದೆ ಅಪಾಯವಿದೆ ಎಂದು ಮೆದುಳಿಗೆ ಅನ್ನಿಸಿದರೆ ಸಾಕು, ಅಡ್ರಿನಲಿನ್ ರಕ್ತಕ್ಕೆ ಇಳಿಯುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ಜೀರ್ಣಕ್ರಿಯೆ ತಗ್ಗಿ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ, ದೊಡ್ಡ ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಓಡಿಹೋಗಲು, ಹೊಡೆದಾಡಲು ಇದೆಲ್ಲ ಸರಿ. ಸ್ಟಿಯರಿಂಗನ್ನು ನಯವಾಗಿ ತಿರುಗಿಸುವವನಿಗೆ ಇದರಿಂದ ಅಷ್ಟೇನೂ ಉಪಕಾರವಿಲ್ಲ.

ಸುತ್ತಿನ ನಡುವೆ 160ರ ಮೇಲೆಯೇ ಇತ್ತು. ಅದಷ್ಟೂ ಅಡ್ರಿನಲಿನ್ ಅಲ್ಲ, ಒಪ್ಪುತ್ತೇನೆ. ಬೆಂಕಿ ತಡೆಯುವ ಉಡುಪಿನೊಳಗಿನ ಸೆಕೆಯಿದೆ, ತಿರುವಿನಲ್ಲಿ ಮೈ ಬಿಗಿಹಿಡಿಯುವ ಶ್ರಮವಿದೆ. ವಿಡಿಯೊ ನೋಡಿದಾಗ ತಿಳಿದ ಇನ್ನೊಂದು ಸಂಗತಿ: ಮೂರನೇ ತಿರುವಿನಿಂದ ಆರನೆಯದರವರೆಗೆ ನಾನು ಉಸಿರೇ ಆಡುವುದಿಲ್ಲ! ಆರನೆಯದು ಮುಗಿದ ಮೇಲೆ ಮುಳುಗಿ ಎದ್ದವನ ಹಾಗೆ ಒಂದು ದೊಡ್ಡ ಉಸಿರು.

ಉತ್ತಮ ಲ್ಯಾಪ್ 1:48.9.

ಮೂರನೇ ದಿನ

ಇದನ್ನು ಸ್ವಲ್ಪ ಉದ್ದಕ್ಕೇ ಬರೆಯಬೇಕು.

ನೇರ ಹಾದಿಯ ಕೊನೆಯಲ್ಲಿ ತಿರುವಿಗೆ ಇನ್ನೆಷ್ಟು ಮೀಟರ್ ಇದೆ ಎಂದು ತೋರಿಸುವ 150, 100, 50ರ ಮೂರು ಫಲಕಗಳಿವೆ. ಮೊದಲ ದಿನ 150ರಲ್ಲೇ ಬ್ರೇಕ್ ಒತ್ತುತ್ತಿದ್ದೆ. ಆ ತಿರುವನ್ನು 70ರ ವೇಗದಲ್ಲಿ ತೆಗೆದುಕೊಳ್ಳಬೇಕು. ನನ್ನ ಟೈರಿನ ಹಿಡಿತಕ್ಕೆ 168ರಿಂದ 70ಕ್ಕೆ ಇಳಿಯಲು ಲೆಕ್ಕದ ಪ್ರಕಾರವೇ ನೂರು ಮೀಟರ್ ಬೇಕು, ಅದೂ ಕಾಲು ಒಂದಿಷ್ಟೂ ತಪ್ಪದಿದ್ದರೆ. ಲೆಕ್ಕ ಗೊತ್ತಿತ್ತು. ಆದರೂ ಮುಂದೆ ಹೋಗುತ್ತಿದ್ದ ಕಾರು ಹತ್ತಿರವಾಗುತ್ತಾ ಬಂದಾಗ ಮೈಯಲ್ಲಿ ಆನೆಬಲ ಬಂದಂತಾಗಿ 100ರ ಫಲಕದವರೆಗೂ ಕಾಲು ಇಳಿಸಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕಾರು ತಿರುವಿನ ಒಳಬದಿಗೆ ಬರಲೇ ಇಲ್ಲ, ಅಗಲಕ್ಕೆ ಹೋಗಿ ಹೊರಗಿನ ಜಲ್ಲಿಯ ಅಂಚಿಗೆ ಬಂದು ಉಳಿದುಕೊಂಡಿತು.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಅದೇ ಸಿಟ್ಟಿನಲ್ಲಿ ಮುಂದಿನ ಸುತ್ತಿನ ಐದನೇ ತಿರುವಿಗೆ ಹೆಚ್ಚು ವೇಗದಲ್ಲಿ ನುಗ್ಗಿದೆ. ನಡುವೆ ಹೆದರಿಕೆಯಾಗಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲೆತ್ತಿದೆ. ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಹಗುರಾದವು, ಹಿಂಬದಿ ನನ್ನನ್ನೇ ದಾಟಿ ಮುಂದೆ ಹೋಗಲು ಹೊರಟಿತು. ಹೆದರಿದವನ ಕಾಲು ತಾನಾಗಿಯೇ ಮೇಲೇಳುತ್ತದೆ, ಈ ಕಾರು ಮಾತ್ರ ಆ ಹೊತ್ತಿನಲ್ಲಿ ಕಾಲು ಅಲ್ಲೇ ಇರಲಿ ಎನ್ನುತ್ತದೆ. ತಿರುವಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ಹಿಡಿದಿಟ್ಟಿದ್ದರೆ ಮುಂದಿನ ಚಕ್ರಗಳೇ ಕಾರನ್ನು ನೇರಕ್ಕೆ ಎಳೆದುಕೊಳ್ಳುತ್ತಿದ್ದವು. ತಿರುಗೇಬಿಟ್ಟಿತು ಎಂದಾದ ಮೇಲೆ ಕ್ಲಚ್ಚು, ಬ್ರೇಕು ಎರಡನ್ನೂ ಒತ್ತಿ ಹಿಡಿಯಬೇಕೆಂದು ಹೇಳಿಕೊಟ್ಟಿದ್ದರು. ಅದೊಂದು ನೆನಪಾಯಿತು. ಹುಲ್ಲಿನ ಮೇಲೆ ಹಿಂದುಮುಂದಾಗಿ ನಿಂತೆ. ಯಾರಿಗೂ ಏನೂ ಆಗಲಿಲ್ಲ.

ಅದು ಹತ್ತು ಸೆಕೆಂಡಾದರೂ ನಡೆಯಿತು ಎಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಹುಲ್ಲು, ಆಕಾಶ, ಬಾವುಟ ಹಿಡಿದವರ ಕಿತ್ತಳೆ ಅಂಗಿ, ಮತ್ತೆ ಹುಲ್ಲು, ಒಂದೊಂದೂ ಬಿಡಿಬಿಡಿಯಾಗಿ ಕಂಡಿತ್ತು. ವಿಡಿಯೊದಲ್ಲಿ ಮೂರೂವರೆ ಸೆಕೆಂಡ್. 2007ರಲ್ಲಿ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿ ಇದನ್ನೇ ಪರೀಕ್ಷಿಸಿದ್ದರು. ಬಿದ್ದವರಿಗೆ ತಮ್ಮ ಬೀಳುವಿಕೆ ಬೇರೆಯವರದಕ್ಕಿಂತ ಮೂರನೇ ಒಂದರಷ್ಟು ಹೆಚ್ಚು ಹೊತ್ತು ನಡೆದಂತೆ ಅನ್ನಿಸಿತ್ತು. ಆದರೆ ಬೀಳುವಾಗ ಅವರ ಕಣ್ಣು ಹೆಚ್ಚು ವೇಗವಾಗಿ ನೋಡಿರಲಿಲ್ಲ. ಕಾಲ ನಿಧಾನವಾಗಿರಲಿಲ್ಲ, ನೆನಪು ಮಾತ್ರ ದಟ್ಟವಾಗಿತ್ತು. ನಿಜ ಹೇಳಬೇಕೆಂದರೆ ಓದಿ ನಿರಾಸೆಯಾಯಿತು. ಆ ಮೂರು ಸೆಕೆಂಡಿನಲ್ಲಿ ನನಗೆ ಏನೋ ವಿಶೇಷ ಶಕ್ತಿ ಬಂದಿತ್ತೆಂದು ನಂಬಿಕೊಂಡಿದ್ದೆ.

ನಾಲ್ಕನೇ ದಿನ

ಬೇಗ ಮುಗಿಯಿತು. ಏಳನೇ ಸುತ್ತಿಗೆ ಬ್ರೇಕ್ ಪೆಡಲ್ ಸ್ಪಂಜಿನಂತೆ ಮೆತ್ತಗಾಯಿತು. ತಪ್ಪು ನನ್ನದೇ, ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ನಾನು ಹಾಕುವ ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದು ಆವಿಯಾದರೆ ಕಾಲು ಒತ್ತುವುದು ಬರೀ ಗುಳ್ಳೆಗಳನ್ನು. ಆಗಿನ ಎದೆಬಡಿತ 174, ಇದಕ್ಕೆ ವ್ಯಾಖ್ಯಾನ ಬೇಡ.

ಐದನೇ ದಿನ

ಈ ಸಲ ತರಬೇತುದಾರರು ಒಂದೇ ಷರತ್ತು ಹಾಕಿದರು: ಓಡಿಸುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. "ಫಲಕ, ಬ್ರೇಕ್, ಮೂರನೇ ಗೇರ್, ಒಳಬದಿಯ ಕೆಂಪು ಅಂಚು, ಹೊರದಾರಿ, ಕನ್ನಡಿಯಲ್ಲಿ ಯಾರೂ ಇಲ್ಲ..." ನಾಚಿಕೆಯಾಯಿತು. ಮಾತಾಡುವವನು ಉಸಿರಾಡಲೇಬೇಕು ಎಂಬ ಉಪಾಯ ಅದರೊಳಗಿತ್ತೆಂದು ಹೊಳೆದದ್ದು ಆಮೇಲೆ. ಮುಂದಿನ ತಿರುವಿನ ಹೆಸರು ಹೇಳಬೇಕಾದ್ದರಿಂದ ಕಣ್ಣೂ ಬಾನೆಟ್ ಬಿಟ್ಟು ದೂರಕ್ಕೆ ಹೋಯಿತು.

ಆ ಸರದಿಯ ನಾಲ್ಕನೇ ಸುತ್ತು 1:43.1, ನನ್ನ ಇದುವರೆಗಿನ ಉತ್ತಮ. ಎದೆಬಡಿತದ ಸರಾಸರಿ 151. ಓಡಿಸುತ್ತಿದ್ದಾಗ, ಇದೇನು ಬೇಸರದ ಸುತ್ತು ಎಂದುಕೊಂಡಿದ್ದೆ.

ಮಧ್ಯಾಹ್ನ ಒಂದು ನೀಲಿ ಕಾರಿನ ಜೊತೆ ಜಿದ್ದಿಗೆ ಬಿದ್ದೆ. ಎಂಥ ಮಜಾ! ಬಂಪರಿಗೆ ಬಂಪರ್, ತಿರುವು ತಿರುವಿಗೂ ಮೂಗು ತೂರಿಸುತ್ತಾ, ಹೆಲ್ಮೆಟ್ಟಿನೊಳಗೆ ಕಿರುಚುತ್ತಾ. ಎದೆಬಡಿತ 178, ಲ್ಯಾಪ್ 1:45.9. ಎರಡು ಸೆಕೆಂಡಿಗೂ ಹೆಚ್ಚು ನಷ್ಟ. ಸುತ್ತು ಮುಗಿಯುವಷ್ಟರಲ್ಲಿ ನನ್ನ ನಂಬರಿಗೆ ಕಪ್ಪು ಬಾವುಟ, ಅಂದರೆ ಟ್ರ್ಯಾಕ್ ಬಿಟ್ಟು ಒಳಗೆ ಬಾ ಎಂದು. ಎಂಟನೇ ತಿರುವಿನಲ್ಲಿ, ಮುಂದೆ ಅಪಾಯವಿದೆ ನಿಧಾನಿಸು ಎನ್ನುವ ಹಳದಿ ಬಾವುಟ ಬೀಸುತ್ತಿದ್ದರಂತೆ, ಅಲ್ಲೊಂದು ಕಾರು ನಿಂತಿತ್ತಂತೆ. ನನ್ನದೇ ವಿಡಿಯೊದಲ್ಲಿ ಬಾವುಟ ಢಾಳಾಗಿ ಕಾಣುತ್ತದೆ. ನನ್ನ ಕಣ್ಣಿಗೆ ಕಂಡದ್ದು ನೀಲಿ ಬಂಪರ್ ಒಂದೇ, ಪಟ್ಟಿ ಕಟ್ಟಿದ ಜಟಕಾ ಕುದುರೆಯ ಹಾಗೆ. ಆ ದಿನದ ಉಳಿದ ಸರದಿಗಳನ್ನು ರದ್ದು ಮಾಡಿದರು. ನ್ಯಾಯವೇ.

ಆರನೇ ದಿನ, ಮೊದಲ ನಿಜವಾದ ರೇಸು

ಇಷ್ಟರಲ್ಲಿ 'ಶಾಂತವಾಗಿದ್ದಷ್ಟೂ ವೇಗ' ಎಂದು ಎಲ್ಲರಿಗೂ ಉಪದೇಶ ಮಾಡಲು ಶುರುಮಾಡಿದ್ದೆ. ಹಾಗಾಗಿ ರೇಸು ಶುರುವಾಗುವ ಮುಂಚೆ ಕಾರುಗಳು ಸಾಲಾಗಿ ನಿಲ್ಲುವ ಗ್ರಿಡ್‌ನಲ್ಲಿ ಕಣ್ಣು ಮುಚ್ಚಿ ನಿಧಾನಕ್ಕೆ ಉಸಿರು ಬಿಟ್ಟು ಎದೆಬಡಿತವನ್ನು 161ರಿಂದ 139ಕ್ಕೆ ಇಳಿಸಿದೆ. ಹೆಮ್ಮೆಯಾಯಿತು. ಕೆಂಪು ದೀಪ ಆರಿದ್ದು ಕಂಡಿತು, ಕ್ಲಚ್ ಬಿಡಬೇಕೆಂದು ಹೊಳೆಯುವಷ್ಟರಲ್ಲಿ ಮೂವರು ಮುಂದೆ ಹೋಗಿದ್ದರು. 1908ರಲ್ಲೇ ಮನಶ್ಶಾಸ್ತ್ರಜ್ಞರಾದ ಯರ್ಕಿಸ್ ಮತ್ತು ಡಾಡ್‌ಸನ್ ಇಲಿಗಳ ಮೇಲೆ ಪ್ರಯೋಗ ಮಾಡಿ, ಕೆಲಸ ಕಷ್ಟದ್ದಾದರೆ ತೀರಾ ಕಡಿಮೆ ಪ್ರಚೋದನೆಯೂ ಬೇಡ, ತೀರಾ ಹೆಚ್ಚೂ ಬೇಡ ಎಂದು ಕಂಡುಕೊಂಡಿದ್ದರು. ನಾನು ಆ ಗೆರೆಯ ಆಚೆ ತುದಿಯಿಂದ ಈಚೆ ತುದಿಗೆ ಬಂದು ಬಿದ್ದಿದ್ದೆ.

ಇನ್ನೊಂದು ಅವಮಾನ ಬಾಕಿ ಇತ್ತು. ಚೌಕುಳಿ ಬಾವುಟ ದಾಟಿ, ನಿಧಾನದ ಸುತ್ತಿನಲ್ಲಿ, ಮೈ ಸಡಿಲಿಸಿ ಕೈಬೀಸುತ್ತಾ ಬರುವಾಗ ಹತ್ತನೇ ತಿರುವು ಮರೆತು ಹುಲ್ಲಿಗೆ ಇಳಿದೆ. 1988ರ ಮೊನಾಕೊ ಫಾರ್ಮುಲಾ 1 ರೇಸು ನೆನಪಾಯಿತು. ಅರ್ಹತಾ ಸುತ್ತಿನಲ್ಲಿ ಅಯರ್ಟನ್ ಸೆನ್ನಾ ತನ್ನದೇ ತಂಡದ ಅಲೇನ್ ಪ್ರಾಸ್ಟ್‌ಗಿಂತ 1.4 ಸೆಕೆಂಡ್ ವೇಗವಾಗಿದ್ದ. ತಾನು ಒಂದು ಸುರಂಗದೊಳಗೆ ಹೋಗುತ್ತಿದ್ದಂತಿತ್ತು, ಯೋಚಿಸಿ ಓಡಿಸುತ್ತಿರಲಿಲ್ಲ ಎಂದು ಆ ಬಗ್ಗೆ ಆಮೇಲೆ ಹೇಳಿಕೊಂಡ. ರೇಸಿನಲ್ಲಿ ಬಹಳ ಮುಂದಿದ್ದವನಿಗೆ ನಿಧಾನಿಸು ಎಂದರು. ನಿಧಾನಿಸಿದ ಮೇಲೆ, 67ನೇ ಸುತ್ತಿನಲ್ಲಿ, ಪೋರ್ಟಿಯೇ ತಿರುವಿನ ತಡೆಗೋಡೆಗೆ ಹೊಡೆದ. ಅವನೆಲ್ಲಿ, ಹನ್ನೊಂದನೇ ಸ್ಥಾನದಲ್ಲಿ ಬಂದು ಹುಲ್ಲು ಮೇಯಿಸಿದ ನಾನೆಲ್ಲಿ.

ಮುಂದಿನ ಸಲಕ್ಕೆ: ಗ್ರಿಡ್‌ನಲ್ಲಿ ಎದೆಬಡಿತಕ್ಕೆ ಕೈಹಾಕುವುದಿಲ್ಲ, ಎಷ್ಟು ಏರುತ್ತದೋ ಏರಲಿ. ಮೂರನೇ ತಿರುವಿನಿಂದ ಮಾತು ಶುರು. ಬ್ರೇಕಿಗೆ 150ಕ್ಕೂ 100ಕ್ಕೂ ನಡುವೆ ರಸ್ತೆಯಂಚಿನಲ್ಲಿ ಟಾರಿನ ಒಂದು ತೇಪೆ ಗುರುತಿಟ್ಟುಕೊಂಡಿದ್ದೇನೆ, ಸುಮಾರು 115 ಮೀಟರಿನಲ್ಲಿದೆ. ಹೊಸ ಆಯಿಲ್ ಹಾಕಿ ಗಾಳಿ ತೆಗೆದಾಗಿದೆ. ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಈಗ ನಲವತ್ತು ಸೆಕೆಂಡ್ ಸಾಕು.