ವಿಚಿತ್ರ ನಿಯಮಗಳ ನಡುವೆ ಬೆಳೆದ ಮಕ್ಕಳಿಗೆ ಏನಾಗುತ್ತದೆ?

ಮಕ್ಕಳ ಪಾಲನೆಯ ವಿಷಯವಾಗಿ ಬರೆಯುವವನೆಂದು ತಿಳಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ನಾವು ಚಿಕ್ಕವರಿದ್ದಾಗ ನಮ್ಮ ಮನೆಯಲ್ಲಿ ಹೀಗೊಂದು ನಿಯಮವಿತ್ತು, ಬೇರೆ ಯಾರ ಮನೆಯಲ್ಲಿಯೂ ಅಂಥದ್ದಿರಲಿಲ್ಲ. ಅದರಿಂದ ನಮಗೆ ಒಳ್ಳೆಯದಾಯಿತೋ, ಕೆಟ್ಟದ್ದಾಯಿತೋ? ನಮ್ಮ ಮಕ್ಕಳಿಗೂ ಅದನ್ನೇ ಮುಂದುವರಿಸಬಹುದೇ?’ ಪ್ರಶ್ನೆ ಒಂದೇ ಆದರೂ ಅವರು ಹೇಳುವ ನಿಯಮಗಳು ಮಾತ್ರ ಒಂದರಂತೆ ಇನ್ನೊಂದಿರುವುದಿಲ್ಲ. ‘ಬೇಜಾರಾಗುತ್ತಿದೆ’ ಎಂದವರಿಗೆ ಆ ಕ್ಷಣವೇ ಒಂದು ಮನೆಗೆಲಸ. ಜಗಳವಾಡಿದ ಇಬ್ಬರೂ ಅಕ್ಕಪಕ್ಕ ಕುಳಿತು, ಒಬ್ಬರ ವಾದವನ್ನು ಇನ್ನೊಬ್ಬರು ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಂತೆ ಒಪ್ಪಿಸಿದ ಮೇಲೆಯೇ ಏಳಬೇಕು. ಮಲಗುವ ಹೊತ್ತು ಮೀರಿದ ಮೇಲೂ ದೀಪ ಉರಿಯಬಹುದು, ಆದರೆ ಕೈಯಲ್ಲಿ ಪುಸ್ತಕವಿದ್ದರೆ ಮಾತ್ರ. ಕೋಣೆಯ ಬಾಗಿಲನ್ನು ಎಂದಿಗೂ ಮುಚ್ಚುವಂತಿಲ್ಲ. ಸ್ನೇಹಿತರೊಡನೆ ಫೋನಿನಲ್ಲಿ ಮಾತನಾಡುವುದಿದ್ದರೆ ಎಲ್ಲರಿಗೂ ಕೇಳುವಂತೆ ನಡುಮನೆಯಲ್ಲೇ ಮಾತನಾಡಬೇಕು. ಮನೆಯೊಳಗೆ ಜೋರಾಗಿ ನಗಬಾರದು.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ನಿಯಮ ಎಷ್ಟು ವಿಚಿತ್ರವಾಗಿತ್ತು ಎಂಬುದರಿಂದ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಬರುವುದಿಲ್ಲ. ‘ಏಕೆ?’ ಎಂದು ಕೇಳುವ ಅವಕಾಶ ಆ ಮನೆಯಲ್ಲಿ ಮಗುವಿಗಿತ್ತೇ, ಕೇಳಿದಾಗ ಮಗುವಿಗೆ ಅರ್ಥವಾಗುವ ಉತ್ತರ ಸಿಗುತ್ತಿತ್ತೇ, ಆ ಉತ್ತರ ಸಾಲದಾದಾಗ ನಿಯಮ ಬದಲಾಗುತ್ತಿತ್ತೇ ಎಂಬುದರಿಂದ ಹೇಳಬಹುದು. ಊರಿನ ಎಲ್ಲ ಮನೆಗಳಲ್ಲೂ ಇರುವ ತೀರ ಸಾಮಾನ್ಯ ನಿಯಮವೂ ಈ ಪರೀಕ್ಷೆಯಲ್ಲಿ ಸೋಲಬಹುದು. ಯಾರೂ ಕೇಳರಿಯದ ನಿಯಮ ಗೆಲ್ಲಬಹುದು.

ಕಾರಣ ಹೇಳುವುದಕ್ಕೆ ನಾನು ಇಷ್ಟು ತೂಕ ಕೊಡುವುದಕ್ಕೆ ಆಧಾರವಿದೆ. 1963ರಲ್ಲಿ ಎಲಿಯಟ್ ಆರನ್ಸನ್ ಮತ್ತು ಮೆರಿಲ್ ಕಾರ್ಲ್‌ಸ್ಮಿತ್ ಎಂಬ ಮನಶ್ಶಾಸ್ತ್ರಜ್ಞರು ಶಾಲೆಗೆ ಸೇರುವ ಮೊದಲಿನ ವಯಸ್ಸಿನ ಮಕ್ಕಳ ಮುಂದೆ ಕೆಲವು ಆಟಿಕೆಗಳನ್ನಿಟ್ಟು, ಅವರಿಗೆ ಪ್ರಿಯವಾದ ಒಂದನ್ನು ಮುಟ್ಟಬಾರದೆಂದು ಹೇಳಿದರು. ಮುಟ್ಟಿದರೆ ಸ್ವಲ್ಪ ಬೇಸರವಾಗುತ್ತದೆ ಎಂದು ಕೆಲವೊಮ್ಮೆ ಮೆಲ್ಲನೆ ಹೇಳಿದರು. ಇನ್ನು ಕೆಲವೊಮ್ಮೆ ಕಠಿಣವಾಗಿ ಬೆದರಿಸಿದರು. ದೊಡ್ಡವರು ಕೋಣೆಯಿಂದ ಹೊರಗೆ ಹೋದಾಗ ಎರಡೂ ಸಲ ಮಕ್ಕಳು ಆಟಿಕೆಯನ್ನು ಮುಟ್ಟಲಿಲ್ಲ. ಆದರೆ ಆಮೇಲೆ ಕೇಳಿದಾಗ, ಮೆಲ್ಲನೆ ಹೇಳಿದ್ದ ಸಲ ಹಲವು ಮಕ್ಕಳಿಗೆ ಆ ಆಟಿಕೆಯ ಮೇಲಿನ ಆಸೆಯೇ ತಗ್ಗಿತ್ತು, ಗದರಿಸಿದ್ದ ಸಲ ಅದು ತಗ್ಗಿರಲಿಲ್ಲ. ಎರಡು ವರ್ಷಗಳ ನಂತರ, 1965ರಲ್ಲಿ, ಜೋನಾಥನ್ ಫ್ರೀಡ್‌ಮನ್ ಇದೇ ಪ್ರಯೋಗವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಹುಡುಗರಿಗೆ ಬ್ಯಾಟರಿಯಿಂದ ನಡೆಯುವ ಒಂದು ರೋಬಾಟ್ ಆಟಿಕೆಯನ್ನು ನಿಷೇಧಿಸಿ, ಕೆಲವು ವಾರಗಳು ಕಳೆದ ಮೇಲೆ, ಬೇರೆಯವರ ಮೂಲಕ, ಯಾವ ನಿಷೇಧವನ್ನೂ ನೆನಪಿಸದೆ, ಅದೇ ಆಟಿಕೆಗಳ ನಡುವೆ ಅವರನ್ನು ಬಿಟ್ಟರು. ಹಿಂದೆ ಕಠಿಣವಾಗಿ ಬೆದರಿಸಲ್ಪಟ್ಟವರಲ್ಲಿ ಹೆಚ್ಚಿನ ಹುಡುಗರು ರೋಬಾಟನ್ನು ಕೈಗೆತ್ತಿಕೊಂಡರು. ‘ಅದು ಸರಿಯಲ್ಲ’ ಎಂದಷ್ಟೇ ಕೇಳಿಸಿಕೊಂಡಿದ್ದವರಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ.

ಇದರಿಂದ ನಾನು ತಿಳಿದುಕೊಂಡಿದ್ದು ಇಷ್ಟು. ಬೆದರಿಕೆಯ ಮೇಲೆ ನಿಂತ ನಿಯಮಕ್ಕೆ ಬೆದರಿಸುವವರು ಎದುರಿಗಿರುವವರೆಗೆ ಮಾತ್ರ ಆಯುಸ್ಸು, ಏಕೆಂದರೆ ತಾನು ಸುಮ್ಮನಿದ್ದುದಕ್ಕೆ ಮಗುವಿಗೆ ಹೊರಗಿನ ಕಾರಣವೊಂದು ಸಿಕ್ಕಿರುತ್ತದೆ, ಒಳಗೆ ಇನ್ನೊಂದನ್ನು ಹುಡುಕಿಕೊಳ್ಳುವ ಅಗತ್ಯ ಬೀಳುವುದಿಲ್ಲ. ‘ನಾನು ಹೇಳಿದ್ದೇನೆ, ಅದಕ್ಕೇ’ ಎಂಬ ಉತ್ತರ ಸಿಗುತ್ತಿದ್ದ ಮನೆಗಳಲ್ಲಿ ಬೆಳೆದವರು ಮನೆ ಬಿಟ್ಟ ಮೊದಲ ತಿಂಗಳಲ್ಲೇ ಆ ನಿಯಮವನ್ನು ಹುಡುಕಿ ಹುಡುಕಿ ಮುರಿದೆವೆಂದು ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಅವರನ್ನು ದೂರುವುದು ನನಗೆ ಸಾಧ್ಯವಾಗುವುದಿಲ್ಲ.

ಮಕ್ಕಳಿಗೆ ಕಾರಣ ಹೇಳಿದರೆ ಅರ್ಥವಾಗುತ್ತದೆಯೇ ಎಂದು ಸಂದೇಹಪಡುವವರಿದ್ದಾರೆ. ತೀರ ಚಿಕ್ಕ ಮಕ್ಕಳು ನಿಯಮಗಳನ್ನು ಬದಲಾಯಿಸಲಾಗದ, ಹಿರಿಯರಿಂದ ಇಳಿದು ಬಂದ ಸಂಗತಿಗಳೆಂದು ಕಾಣುತ್ತಾರೆ, ವಯಸ್ಸು ಹತ್ತರ ಆಸುಪಾಸಿಗೆ ಬಂದಂತೆ ನಿಯಮವೆಂದರೆ ಆಡುವವರು ತಮ್ಮೊಳಗೆ ಮಾಡಿಕೊಂಡ ಒಪ್ಪಂದವೆಂದು ಅರಿಯುತ್ತಾರೆ ಎಂಬುದನ್ನು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1932ರಲ್ಲೇ, ಗೋಲಿಯಾಡುವ ಮಕ್ಕಳನ್ನು ಮಾತನಾಡಿಸಿ, ತೋರಿಸಿದ್ದರು. ಆ ಮಾತು ನಿಜವಾದರೂ ಪೂರ್ಣವಲ್ಲ. 1970ರ ದಶಕದಿಂದ ಈಚೆಗೆ ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಮತ್ತು ಅವರ ಸಂಗಡಿಗರು ನಡೆಸಿದ ಅಧ್ಯಯನಗಳಲ್ಲಿ, ಇನ್ನೂ ಶಾಲೆಗೆ ಹೋಗದ ಮಕ್ಕಳು ಕೂಡ ಎರಡು ಬಗೆಯ ನಿಯಮಗಳನ್ನು ಬೇರೆ ಮಾಡಿ ನೋಡುವುದು ಕಂಡುಬಂತು. ನಿಯಮವೇ ಇಲ್ಲದಿದ್ದರೂ ಇನ್ನೊಬ್ಬರನ್ನು ಹೊಡೆಯುವುದು ತಪ್ಪೇ ಎಂದು ಅವರು ಹೇಳುತ್ತಾರೆ. ವಸ್ತುಗಳನ್ನು ಇಂಥಲ್ಲೇ ಇಡಬೇಕೆಂಬ ನಿಯಮ ಇಲ್ಲದಿದ್ದರೆ ಬೇರೆ ಕಡೆ ಇಟ್ಟರೂ ಆಗುತ್ತದೆ ಎನ್ನುತ್ತಾರೆ. ಯಾವುದು ಯಾರನ್ನಾದರೂ ನೋಯಿಸುವುದನ್ನು ತಡೆಯುವ ನಿಯಮ, ಯಾವುದು ಈ ಮನೆಯ ಪದ್ಧತಿ ಎಂಬುದು ಅವರಿಗೆ ತಿಳಿಯುತ್ತದೆ. ಎರಡಕ್ಕೂ ಒಂದೇ ದನಿಯಲ್ಲಿ, ಒಂದೇ ಶಿಕ್ಷೆಯೊಡನೆ ಒತ್ತಾಯಿಸುವ ಹಿರಿಯರಿಗೇ ಆ ವ್ಯತ್ಯಾಸ ಮರೆತುಹೋಗಿರುತ್ತದೆ.

ಬರಿಯ ಪದ್ಧತಿಯ ನಿಯಮಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ವಾರದಲ್ಲಿ ಒಂದು ಸಂಜೆ ಯಾರೂ ಮಾತನಾಡದೆ ಬರೆದು ತೋರಿಸಬೇಕು, ಹೊಸ ಪದ ಕೇಳಿಬಂದವರು ಅದನ್ನು ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯಬೇಕು ಎಂಬಂಥವು ಯಾರಿಗೂ ಕೆಡುಕು ಮಾಡುವುದಿಲ್ಲ. ಹಲವು ಕುಟುಂಬಗಳಿಗೆ ಇವೇ ತಮ್ಮತನದ ಗುರುತು.

ನ್ಯಾಯ ಕಲಿಸುವ ನಿಯಮಗಳ ಬಗ್ಗೆ ನನಗೆ ಗೌರವವಿದೆ. ಒಬ್ಬರು ಪಾಲು ಮಾಡಬೇಕು, ಇನ್ನೊಬ್ಬರು ಮೊದಲು ಆರಿಸಿಕೊಳ್ಳಬೇಕು ಎಂಬುದು ಅಂಥದ್ದು. ಪಾಲು ಮಾಡುವ ಮಗುವಿಗೆ ಸಮನಾಗಿ ಮಾಡದೆ ಬೇರೆ ದಾರಿಯಿರುವುದಿಲ್ಲ, ತೀರ್ಪು ಹೇಳಲು ಹಿರಿಯರು ಬರಬೇಕಾಗಿಯೂ ಇಲ್ಲ. 1982ರ ವಿಶ್ವಸಂಸ್ಥೆಯ ಸಾಗರ ಕಾನೂನಿನ ಒಡಂಬಡಿಕೆಯಲ್ಲಿ ಆಳ ಸಮುದ್ರದ ಗಣಿಗಾರಿಕೆಗೆ ಇದೇ ಉಪಾಯವಿದೆ: ಅರ್ಜಿದಾರರು ಸಮಾನ ಬೆಲೆಯದೆಂದು ಅಂದಾಜು ಮಾಡಿದ ಎರಡು ಭಾಗಗಳನ್ನು ತೋರಿಸಬೇಕು, ಅದರಲ್ಲಿ ಒಂದನ್ನು ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರ ಆರಿಸಿ ಕಾಯ್ದಿರಿಸಿಕೊಳ್ಳುತ್ತದೆ. ಇಬ್ಬರು ಮಕ್ಕಳ ಜಗಳ ಬಿಡಿಸುವ ಬುದ್ಧಿಯನ್ನು ದೇಶಗಳು ಕೂಡ ನೆಚ್ಚಿಕೊಂಡಿವೆ ಎಂಬುದು ನನಗೆ ಸಂತೋಷ ಕೊಡುವ ಸಂಗತಿ.

ನನ್ನ ಕಾಳಜಿಯೆಲ್ಲ ಇರುವುದು ಮುಚ್ಚದ ಬಾಗಿಲಿನ, ನಡುಮನೆಯ ಫೋನಿನ, ಹಿರಿಯರು ತೆರೆದು ಓದುವ ದಿನಚರಿಯ ನಿಯಮಗಳ ಮೇಲೆ. ಇವನ್ನು ಹಾಕುವ ತಾಯಿತಂದೆಯರು ಕೆಟ್ಟವರಲ್ಲ, ಹೆದರಿದವರು. ಮಗು ಏನು ಮಾಡುತ್ತಿದೆಯೆಂದು ತಿಳಿದರೆ ಅದನ್ನು ಕಾಪಾಡಬಹುದೆಂಬ ನಂಬಿಕೆ ಅವರದು. ಆದರೆ ಆ ತಿಳಿವಳಿಕೆ ಬರುವ ದಾರಿ ಬೇರೆ. ಸ್ವೀಡನ್ನಿನಲ್ಲಿ 14 ವರ್ಷದ ಮಕ್ಕಳನ್ನೂ ಅವರ ಪೋಷಕರನ್ನೂ ಅಧ್ಯಯನ ಮಾಡಿದ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಈ ಕ್ಷೇತ್ರದವರ ಯೋಚನೆಯನ್ನೇ ಬದಲಿಸಿತು. ಮಕ್ಕಳ ಬದುಕಿನ ಬಗ್ಗೆ ಪೋಷಕರಿಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಮಕ್ಕಳು ತಾವಾಗಿಯೇ ಬಂದು ಹೇಳಿದ್ದು. ಕಟ್ಟುನಿಟ್ಟಿನಿಂದ, ವಿಚಾರಣೆಯಿಂದ ದೊರೆತದ್ದು ಕಡಿಮೆ. ತಾನಾಗಿಯೇ ಹೇಳುವ ಮಗು, ಹೇಳದೆ ಇಟ್ಟುಕೊಳ್ಳುವ ಹಕ್ಕು ತನಗಿದೆಯೆಂದು ಬಲ್ಲ ಮಗುವಾಗಿರಬೇಕು. ದಿನಚರಿಯನ್ನು ಯಾರೋ ಓದುತ್ತಾರೆಂದು ತಿಳಿದ ಹುಡುಗಿ ನಿಜವನ್ನು ಬರೆಯುವುದನ್ನು ನಿಲ್ಲಿಸುತ್ತಾಳೆ, ಆಮೇಲೆ ಹೇಳುವುದನ್ನೂ ನಿಲ್ಲಿಸುತ್ತಾಳೆ. ಕಾಪಾಡಬೇಕೆಂದು ಹಾಕಿದ ನಿಯಮವೇ ಕಾಪಾಡುವ ದಾರಿಯನ್ನು ಮುಚ್ಚಿದ ಹಾಗಾಯಿತು. ಜೋರಾಗಿ ನಗಬಾರದೆಂಬ ನಿಯಮವನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ನಗು, ಅಳು, ಉಡುಪು, ಗೆಳೆತನ ಇವು ಮಗುವಿನ ಸ್ವಂತ ಪ್ರದೇಶ. ಸುರಕ್ಷತೆಯ ಮತ್ತು ನ್ಯಾಯದ ವಿಷಯದಲ್ಲಿ ತಾಯಿತಂದೆಯರ ಅಧಿಕಾರವನ್ನು ಹರೆಯದ ಮಕ್ಕಳು ಕೂಡ ಬಹುಮಟ್ಟಿಗೆ ಒಪ್ಪುತ್ತಾರೆ, ಸ್ವಂತ ಪ್ರದೇಶದೊಳಕ್ಕೆ ಅದು ಕಾಲಿಟ್ಟಾಗಲೇ ಸಂಘರ್ಷ ಹುಟ್ಟುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಜುಡಿತ್ ಸ್ಮೆಟಾನಾ ಹಲವು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ.

ಕಾರಣವಿದ್ದೂ ಹೇಳದೆ ಹೋದ ನಿಯಮಗಳ ಕಥೆ ಬೇರೆ, ಅದು ದುಃಖದ್ದು. ಸ್ನಾನದ ಮನೆಗೆ ಒಳಗಿನಿಂದ ಚಿಲಕ ಹಾಕಬಾರದೆಂಬ ನಿಯಮದಲ್ಲಿ ಬೆಳೆದ ಒಬ್ಬರು, ತಮ್ಮ ಮೇಲೆ ತಾಯಿಗೆ ನಂಬಿಕೆಯೇ ಇರಲಿಲ್ಲವೆಂದು ಬಹುಕಾಲ ನೊಂದುಕೊಂಡಿದ್ದರು. ನಡುವಯಸ್ಸಿನಲ್ಲಿ ಕೇಳಿದಾಗ ತಿಳಿದದ್ದು, ತಾಯಿಯ ತಂಗಿ ಚಿಕ್ಕಂದಿನಲ್ಲಿ ಚಿಲಕ ಹಾಕಿದ ಕೋಣೆಯೊಳಗೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು, ಬಾಗಿಲು ಒಡೆಯುವವರೆಗೆ ಯಾರಿಗೂ ಏನೂ ಮಾಡಲಾಗಿರಲಿಲ್ಲ ಎಂದು. ಆ ಮಾತನ್ನು ಎಂಟು ವರ್ಷದ ಮಗುವಿಗೆ ಹೆದರಿಸದೆ ಹೇಳಬಹುದಿತ್ತು. ಹೊರಗಿನಿಂದಲೂ ತೆಗೆಯಬಹುದಾದ ಚಿಲಕವನ್ನು ಹಾಕಿಸಿದ್ದರೆ ನಿಯಮವೇ ಬೇಕಾಗುತ್ತಿರಲಿಲ್ಲ. ಕಾರಣವನ್ನು ಬಾಯಿಬಿಟ್ಟು ಹೇಳುವುದರ ದೊಡ್ಡ ಪ್ರಯೋಜನ ಇದು: ಇನ್ನೂ ಸುಲಭವಾದ ಉಪಾಯವೊಂದು ಯಾರಿಗಾದರೂ ಹೊಳೆಯುತ್ತದೆ, ಕೆಲವೊಮ್ಮೆ ಮಗುವಿಗೇ.

ಇನ್ನು ಮುಂದುವರಿಸಬಹುದೇ ಎಂಬ ಪ್ರಶ್ನೆ. ನಿಮ್ಮ ಮನೆಯಲ್ಲಿದ್ದ ನಿಯಮವನ್ನು ಹಾಕುವ ಮೊದಲು ಅದರ ಕಾರಣವನ್ನು ನಿಮ್ಮ ಮಗುವಿಗೆ ಎರಡು ವಾಕ್ಯದಲ್ಲಿ ಹೇಳಿ ನೋಡಿ. ಹೇಳಲಾಗದಿದ್ದರೆ ಹಾಕಬೇಡಿ. ಹೇಳಬಲ್ಲಿರಾದರೆ, ಅದು ನಿಮಗೂ ಅನ್ವಯಿಸುತ್ತದೆಯೇ ಎಂದು ಕೇಳಿಕೊಳ್ಳಿ. ರಾತ್ರಿ ಮೊಬೈಲನ್ನು ಮಲಗುವ ಕೋಣೆಯ ಹೊರಗಿಡಬೇಕೆಂಬುದು ಹಿರಿಯರ ಮೊಬೈಲುಗಳೂ ಅಲ್ಲೇ ಇದ್ದಾಗ ಮಾತ್ರ ಮಕ್ಕಳಿಗೆ ನ್ಯಾಯವೆನಿಸುತ್ತದೆ. ಐದು ವರ್ಷಕ್ಕೆ ಹಾಕಿದ ನಿಯಮ ಹದಿನೈದಕ್ಕೂ ಉಳಿದುಬಿಡದಂತೆ ಪ್ರತಿ ಹುಟ್ಟುಹಬ್ಬದ ಹೊತ್ತಿಗೆ ಒಮ್ಮೆ ಎಲ್ಲವನ್ನೂ ಮಗುವಿನೊಡನೆ ಕುಳಿತು ನೋಡುವುದು ಒಳ್ಳೆಯದು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ತಮ್ಮ ಅಭಿಪ್ರಾಯ ಹೇಳುವ ಹಕ್ಕು ಮಕ್ಕಳಿಗಿದೆಯೆಂದು, ವಯಸ್ಸಿಗೆ ಮತ್ತು ತಿಳಿವಳಿಕೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. ಆ ಮಾತು ಮೊದಲು ನಡೆಯಬೇಕಾದದ್ದು ಮನೆಯಲ್ಲಿ.

ಗಂಡ ಹೆಂಡತಿ ಇಬ್ಬರೂ ತಮ್ಮ ತಮ್ಮ ಮನೆಯ ನಿಯಮಗಳನ್ನು ಹೊತ್ತು ಬಂದಿದ್ದು, ಇಬ್ಬರಿಗೂ ತಮ್ಮದೇ ಸರಿಯೆನಿಸಿದರೆ ಏನು ಮಾಡುವುದೆಂದು ಕೇಳುವವರೂ ಬಹಳ. ಮಕ್ಕಳ ಎದುರು ಚರ್ಚಿಸಬಾರದು, ಒಳಗೆ ತೀರ್ಮಾನಿಸಿ ಒಂದೇ ಮಾತು ಹೇಳಬೇಕು ಎಂಬ ಸಲಹೆಯನ್ನು ಹಲವರು ಕೊಡುತ್ತಾರೆ. ಮಗುವಿನ ಪ್ರಾಣಕ್ಕೆ ಅಪಾಯವಿರುವ ವಿಷಯಗಳಲ್ಲಿ ನಾನು ಅದನ್ನು ಒಪ್ಪುತ್ತೇನೆ. ಉಳಿದ ವಿಷಯಗಳಲ್ಲಿ, ಸಿಟ್ಟಿಲ್ಲದೆ ಮಾತನಾಡಬಲ್ಲಿರಾದರೆ, ಮಕ್ಕಳು ಕೇಳಿಸಿಕೊಳ್ಳಲಿ. ಒಬ್ಬರು ಕಾರಣ ಹೇಳಿ ಇನ್ನೊಬ್ಬರು ಮನಸ್ಸು ಬದಲಿಸುವುದನ್ನು ಅವರು ಮೊದಲ ಸಲ ನೋಡುವುದು ಬಹುಶಃ ಅಲ್ಲಿಯೇ.