ಪೇವರ್ ಹಾಕೋರು ಸೋಮವಾರ ಬರ್ತಾರಂತೆ

ಜೂನ್ 14, 2025, ಶನಿವಾರ
ಕೊಪ್ಪಳ

ಸಣ್ಣತ್ತೆ ಬೆಳಿಗ್ಗೆ ಹಡಗಲಿಯಿಂದ ಬಂದು, ಊಟ ಮಾಡಿ, ಮುಂಡರಗಿ ಮೇಲೆ ಹೋಗುವ ಬಸ್ಸಿಗೆ ವಾಪಸ್ ಹೊರಟುಬಿಟ್ಟರು. ಒಂದು ರಾತ್ರಿ ಇರ್ರಿ ಅಂದರೆ ಕೇಳಲಿಲ್ಲ. "ನಾಳಿ ನಸುಕಿನ್ಯಾಗ ಹೂ ಬಿಡಿಸೋರು ಯಾರು, ನೀ ಬರ್ತೀಯೇನು?" ಅಂದರು. ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ಇವತ್ತಿನವರೆಗೆ ಯಾರೂ ಹೂಂ ಅಂದಿಲ್ಲ.

ಬಂದಿದ್ದು ನಾವು ಬಾಡಿಗೆಗೆ ಅಂತ ಹೊಸದಾಗಿ ಕಟ್ಟಿಸಿದ ಮೇಲಿನ ಮನೆ ನೋಡೋಕೆ. ವಾಸ್ತುಶಾಂತಿಗೆ ಅವರಿಗೆ ಬರಲು ಆಗಿರಲಿಲ್ಲ. ಅದು ಮಲ್ಲಿಗೆ ಸುಗ್ಗಿ ಸಮಯ. ಆದರೆ ಇವತ್ತೂ ಮೆಟ್ಟಿಲು ಹತ್ತಲಿಲ್ಲ. ಗೇಟು ದಾಟಿದವರು ಕೈಚೀಲ ಕೆಳಗಿಟ್ಟು, ಸೊಂಟದ ಮೇಲೆ ಕೈ ಇಟ್ಟುಕೊಂಡು ಅಂಗಳ ನೋಡುತ್ತಾ ನಿಂತರು. ಚೀಲದಿಂದ ಹಸಿ ಗೋಣಿತಟ್ಟು ಸುತ್ತಿದ ಒಂದು ಮಲ್ಲಿಗೆ ಸಸಿ ಇಣುಕುತ್ತಿತ್ತು. ಫೋನಿನಲ್ಲಿ ಅತ್ತೆ ಬಳ್ಳಿ ಹೋಯಿತು ಅಂತ ಅತ್ತಿದ್ದರಲ್ಲ, ಅದಕ್ಕೆ. ತಮ್ಮ ತೋಟದ ಒಂದು ಟೊಂಗೆಯನ್ನು ನೆಲಕ್ಕೆ ಬಾಗಿಸಿ, ಮಣ್ಣು ಮುಚ್ಚಿ, ಬೇರು ಬಿಡಿಸಿ ತಂದಿದ್ದರು.

"ಅಕ್ಕಾ, ಚಪ್ಪರ ಎಲ್ಲಿ?" ಅಂದರು.

ಅತ್ತೆ ಮೆಟ್ಟಿಲ ಕಡೆ ಕೈ ತೋರಿಸಿದರು. ಚಪ್ಪರ ಇದ್ದ ಜಾಗದಲ್ಲೇ ಈಗ ಮೆಟ್ಟಿಲು. ಬಾಡಿಗೆಯವರು ನಮ್ಮ ಪಡಸಾಲೆ ಹಾದು ಹೋಗಬಾರದು, ಹೊರಗಿನಿಂದಲೇ ಮೆಟ್ಟಿಲಿರಬೇಕು ಅಂತ ಹಟ ಹಿಡಿದಿದ್ದು ಅತ್ತೆಯೇ. ಈಗ ಬಳ್ಳಿ ಬೇಕು ಅನ್ನೋದೂ ಅತ್ತೆಯೇ. ನಾನು ಬಾಯಿ ಬಿಡಲಿಲ್ಲ. ಸೊಸೆ ಆದವಳಿಗೆ ಇಷ್ಟು ಬುದ್ಧಿ ಇರಬೇಕು.

ಕಳೆದ ದಸರಾ ಮುಗಿದ ಮೇಲೆ ಶುರುವಾದ ಕೆಲಸ. ಅಂಗಳದಲ್ಲಿ ಉಸುಕು, ಖಡಿ, ಇಟ್ಟಿಗೆ, ಸರಳು. ಪಿಲ್ಲರಿಗೆ ಗುಂಡಿ ತೋಡಿದಾಗ ಮೇಲಿನ ಕಪ್ಪು ಮಣ್ಣನ್ನು ಟ್ರ್ಯಾಕ್ಟರಿನವನು ಒಯ್ದ. ಕೆಳಗಿನ ಗರಸು ಮೇಲೆ ಬಂದು ಕೂತಿತು. ಅದರ ಮೇಲೆ ಮಿಕ್ಸರ್ ಓಡಾಡಿತು. ಗೌಂಡಿಗಳು ದಿನಾ ಸಂಜೆ ಬುಟ್ಟಿ, ಸಲಿಕೆ ತೊಳೆಯುತ್ತಿದ್ದ ನಲ್ಲಿ ಮೂಲೆಯಲ್ಲಿ ಸಿಮೆಂಟ್ ನೀರು ಪದರ ಪದರವಾಗಿ ಒಣಗಿ ಹಪ್ಪಳ ಹಾಸಿದ ಹಾಗೆ ಕೂತಿದೆ. ಕಾಲಿಟ್ಟರೆ ಪಟಪಟ ಒಡೆಯುತ್ತೆ, ಕೆಳಗೆ ಇನ್ನೊಂದು ಪದರ.

ಸಣ್ಣತ್ತೆ ಹಾರೆ ಕೇಳಿದರು. ಅರವತ್ತು ದಾಟಿದ ಹೆಂಗಸು, ಸೀರೆ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ಎರಡು ಏಟು ಹಾಕಿದರು. ಟಣ್ ಅಂತು. ಒಂದು ಗೇಣು ಕೂಡ ಇಳಿಯಲಿಲ್ಲ. ಒಡೆದ ಹೆಂಟೆಯೊಂದನ್ನು ಎತ್ತಿ ಅಂಗೈಯಲ್ಲಿ ಹಿಸುಕಿದರು. ಉಸುಕು, ಬಿಳಿ ಪುಡಿ, ಒಂದು ಟೈಲ್ಸ್ ಚೂರು.

"ಇದು ಮಣ್ಣಲ್ಲ ಸೊಸಿ. ಮನಿ ಉಂಡು ಬಿಟ್ಟ ಎಂಜಲ."

ಯುಗಾದಿ ಹೊತ್ತಿಗೆ ಇವರು ನರ್ಸರಿಯಿಂದ ಒಂದು ದುಂಡುಮಲ್ಲಿಗೆ ತಂದು ಕಾಂಪೌಂಡ್ ಪಕ್ಕ ನೆಟ್ಟಿದ್ದರು. ಅದನ್ನೂ ತೋರಿಸಿದೆ. ಹಳೆಯ ಎಲೆ ಹಸಿರಾಗೇ ಇವೆ. ಹೊಸ ಚಿಗುರು ಮಾತ್ರ ಹಳದಿ, ನರಗಳಷ್ಟೇ ಹಸಿರು. ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಹಾಕ್ರಿ ಅಂದರು, ಇವರು ಹಾಕಿದರು. ಏನೂ ಆಗಲಿಲ್ಲ. ಯೂರಿಯಾ ಬೇಕಾದ ಗಿಡ ಹೀಗೆ ಇರಲ್ಲ. ಅದರಲ್ಲಿ ಮೊದಲು ಕೆಳಗಿನ ಹಳೆ ಎಲೆ ಹಳದಿ ಆಗುತ್ತೆ. ಚಿಗುರು ಹಳದಿಯಾಗಿ ನರ ಹಸಿರು ಉಳಿದರೆ ಅದು ಕಬ್ಬಿಣದ ಕೊರತೆ. ಸಿಮೆಂಟಿನ ಸುಣ್ಣ ಮಣ್ಣಿನಲ್ಲಿ ಸೇರಿ ಕ್ಷಾರ ಜಾಸ್ತಿ ಆಗಿದೆ. ಕ್ಷಾರ ಜಾಸ್ತಿ ಆದರೆ ಮಣ್ಣಲ್ಲಿ ಕಬ್ಬಿಣ ಎಷ್ಟಿದ್ದರೂ ಬೇರಿಗೆ ದಕ್ಕಲ್ಲ. ಅದರ ಮೇಲೆ ನಮ್ಮ ಬೋರಿನ ಗಡಸು ನೀರು ಬೇರೆ. ಪಕ್ಕದ ಜಿಲ್ಲೆಯ ಸಂಡೂರಿನ ಗುಡ್ಡದ ತುಂಬ ಕಬ್ಬಿಣದ ಅದಿರು, ಊರ ಪಕ್ಕದ ಗಿಣಿಗೇರಿಯಲ್ಲಿ ಕಬ್ಬಿಣದ ಕಾರ್ಖಾನೆ, ನಡುವೆ ನಮ್ಮ ಮಲ್ಲಿಗೆ ಕಬ್ಬಿಣ ಇಲ್ಲದೆ ಬಿಳಿಚಿಕೊಂಡು ನಿಂತಿದೆ!

ಅನ್ನಭೇದಿಯನ್ನು, ಅಂದರೆ ಕಬ್ಬಿಣದ ಸಲ್ಫೇಟನ್ನು, ಲೀಟರ್ ನೀರಿಗೆ 5 ಗ್ರಾಂ ಕಲಸಿ, ನಾಲ್ಕು ಹನಿ ನಿಂಬೆರಸ ಬಿಟ್ಟು, ಬಿಸಿಲು ಇಳಿದ ಮೇಲೆ ಎಲೆಗೆ ಸಿಂಪಡಿಸಿದರೆ ಹಸಿರು ಬರುತ್ತೆ. ಬರೋದೂ ಹೌದು, ಮುಂದಿನ ಚಿಗುರು ಮತ್ತೆ ಹಳದಿ ಬರೋದೂ ಹೌದು. ರೋಗ ಇರೋದು ಕೆಳಗೆ.

ನಿಂಬೆ ಅಂದ ಕೂಡಲೇ ಮಗನಿಗೆ ಆಟ ಸಿಕ್ಕಿತು. ಗೌಂಡಿ ಮೂಲೆಯ ಪುಡಿಗೆ ಅರ್ಧ ಹಣ್ಣು ಹಿಂಡಿದ. ಬುಸ್ ಅಂತ ನೊರೆ ಎದ್ದಿತು. ಇನ್ನರ್ಧ ಹಣ್ಣನ್ನು ಎಲ್ಲೆಲ್ಲಿ ಹಿಂಡಿದನೋ, ಮಧ್ಯಾಹ್ನ ಚಿತ್ರಾನ್ನಕ್ಕೆ ಹಣ್ಣಿಲ್ಲ. ನಮ್ಮ ಕಡೆ ಎರೆ ಮಣ್ಣಲ್ಲೂ ಸುಣ್ಣದ ಹರಳು ಇರೋದರಿಂದ ಅದೂ ಅಷ್ಟಿಷ್ಟು ನೊರೆ ಬಿಡುತ್ತೆ, ಬರೀ ನೊರೆ ನೋಡಿ ಹೆದರಬೇಕಿಲ್ಲ. ಆದರೆ ಇದು ಕುದಿಯೋ ಹಾಗೆ ಎದ್ದಿತು.

ನಾನು ಕೇಳಿದೆ, "ಸಣ್ಣತ್ತಿ, ಈ ಸಸಿ ಇವತ್ತೇ ಹಚ್ಚೋಣಲ್ಲ? ಮೃಗಶಿರ ಮಳಿ ನಡದೈತಿ. ಶ್ರಾವಣದಾಗ ದೇವರಿಗೆ ಮನಿ ಹೂವ ಆಗ್ತಾವು."

"ಯಾಕ, ದೇವರಿಗೆ ಪ್ಯಾಟಿ ಹೂವ ಸಾಕಾಗಂಗಿಲ್ಲೇನು?"

"ಹಂಗಲ್ಲ..."

"ಈ ವರ್ಷ ಬಳ್ಳಿ ಹಚ್ಚಬ್ಯಾಡ. ಮೊದಲ ಮಣ್ಣು ಮಾಡು."

ಆಮೇಲೆ ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೇಳಿದ್ದೇ ಹೇಳಿದ್ದು. ಗೌಂಡಿ ಮೂಲೆಯ ಪದರ ಪೂರ್ತಿ ಕೆತ್ತಿ ಹೊರಗೆ ಹಾಕಿಸು, ಒಂದು ಚೂರೂ ಉಳಿಸಬೇಡ. ಬಳ್ಳಿ ನೆಡೋ ಕಡೆ ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ ಗುಂಡಿ ತೆಗೆಸು, ಮಳೆ ಬಿಸಿಲು ಎರಡೂ ಬೀಳಲಿ. ಅದರಿಂದ ಬಂದ ಗರಸನ್ನು ಮತ್ತೆ ಅದಕ್ಕೇ ತುಂಬಬೇಡ. ಹೊಲದ ಮಣ್ಣು ತರಿಸು, ಅದರ ಅರ್ಧದಷ್ಟು ಹಳೆ ಕುರಿ ಗೊಬ್ಬರ, ಒಂದೆರಡು ಬೊಗಸೆ ಬೇವಿನ ಹಿಂಡಿ. ಉಳಿದ ಅಂಗಳವನ್ನು ಪಿಕಾಸಿಯಿಂದ ಬಿರಿಸಿ ಸೆಣಬು ಚೆಲ್ಲು. ಒಂದೂವರೆ ತಿಂಗಳಿಗೆ ಹಳದಿ ಹೂ ಶುರುವಾಗುತ್ತೆ, ಆಗ ಕೊಯ್ದು ಅಲ್ಲೇ ಮಣ್ಣಿಗೆ ಸೇರಿಸು. ಬೇರು ಇಳಿದ ಕಡೆಯೆಲ್ಲ ನೆಲ ಸಡಿಲ ಆಗಿರುತ್ತೆ.

"ಹೂ ಬಿಟ್ಟ ಮ್ಯಾಲ ಚೆಂದ ಕಾಣ್ತೈತಿ ಅಂತ ಹಂಗ ಬಿಟ್ಟಿ ಮತ್ತ. ಕಡ್ಡಿ ಬಲೀತಂದ್ರ ಕೊಳಿಯಂಗಿಲ್ಲ."

ನನ್ನನ್ನು ಚೆನ್ನಾಗಿ ಬಲ್ಲರು.

ಕಾರಟಗಿಯಲ್ಲಿರುವ ನನ್ನ ತಮ್ಮ ರೈಸ್ ಮಿಲ್ಲಿನಿಂದ ಭತ್ತದ ಹೊಟ್ಟು ಕಳಿಸುತ್ತೇನೆ ಅಂದಿದ್ದಾನೆ ಅಂದೆ. ಹೊಟ್ಟು ಬರಲಿ, ಬುಡಕ್ಕೆ ಮುಚ್ಚಿದರೆ ತೇವ ಹಿಡಿಯುತ್ತೆ ಅಂದರು. ಆದರೆ ಮಿಲ್ಲಿನವರು ಪುಕ್ಕಟೆ ಕೊಡೋದು ಹೊಟ್ಟಿನ ಕರಿ ಬೂದಿ. ಅದು ಬೇಡ, ಬೂದಿಯೂ ಕ್ಷಾರವೇ. ಉಂಡ ವಿಷಕ್ಕೆ ಮೇಲೊಂದು ಲೋಟ ಅಂತ ನಕ್ಕರು.

ಹಡಗಲಿ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆ ಜೊತೆ, ಇದು ಈ ಊರಿನದೇ ಬೆಳೆ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿ ಎಷ್ಟೋ ವರ್ಷ ಆಯಿತು. ಹಿಂದೆ ಹಡಗಿನಲ್ಲಿ ತುಂಗಭದ್ರೆ ಮೇಲೆ ಹಂಪಿಗೆ ಹೂ ಹೋಗುತ್ತಿತ್ತು ಅಂತ ಆ ಕಡೆ ಎಲ್ಲರೂ ಹೇಳ್ತಾರೆ. 2021ರಲ್ಲಿ ಬಳ್ಳಾರಿ ಬಿಟ್ಟು ವಿಜಯನಗರ ಜಿಲ್ಲೆಗೂ ಸೇರಿದರು. "ಟ್ಯಾಗ್ ಬಂತು, ಜಿಲ್ಲಾ ಬಂತು, ಬಿಡಿಸೋ ಆಳು ಬರಲಿಲ್ಲ," ಅಂತಾರೆ ಸಣ್ಣತ್ತೆ. ಮೊಗ್ಗು ಸಂಜೆಗೆ ಅರಳಿಬಿಡುತ್ತೆ. ಅಷ್ಟರೊಳಗೆ ಕೊಳ್ಳುವವರ ಕೈಗೆ ಸೇರಬೇಕು. ಹಾಗಾಗಿ ಬೆಳಕು ಹರಿಯುವ ಮೊದಲೇ ತಲೆಗೆ ಬ್ಯಾಟರಿ ಕಟ್ಟಿಕೊಂಡು ಸಾಲಿಗೆ ಇಳಿಯಬೇಕು. ಅವರ ಮಗ ಹೊಸಪೇಟೆಯಲ್ಲಿ ನೌಕರಿ ಮಾಡುತ್ತಾನೆ, ಅವನಿಗೆ ಹೂವಿನ ವಾಸನೆಗೆ ತಲೆನೋವಂತೆ. ಅದನ್ನು ಹೇಳುವಾಗ ಮಾತ್ರ ನಗಲಿಲ್ಲ.

ಊಟಕ್ಕೆ ಕೂತಾಗ ಹಾವಿನ ಪುರಾಣ. ಇವರು ರೊಟ್ಟಿ ಮುರಿಯುತ್ತಾ, "ಘಮ ಅನ್ನೋ ಬಳ್ಳಿ ಇದ್ರ ಹಾವು ಬರ್ತಾವು, ಮ್ಯಾಲೆ ಬಾಡಿಗಿಗೆ ಸಣ್ಣ ಮಕ್ಕಳಿರೋರು ಬಂದ್ರ?" ಅಂದರು. ಸಣ್ಣತ್ತೆ ಕೈ ಹಾಗೇ ನಿಂತಿತು. "ಹೂವಿನ ಘಮಕ್ಕ ಹಾವು ಬರಂಗಿದ್ರ ನಮ್ಮೂರಾಗ ಮಂದಿ ಉಳೀತಿರಲಿಲ್ಲ" ಅಂದರು. ಹಾವು ಬರೋದು ಇಲಿಗೆ, ಕಪ್ಪೆಗೆ. ಬುಡದಲ್ಲಿ ಕಸ ಕಡ್ಡಿ, ಇಟ್ಟಿಗೆ ರಾಶಿ ಬಿಟ್ಟರೆ ಇಲಿ ಸೇರುತ್ತೆ. ನಮ್ಮ ಹಿತ್ತಲಲ್ಲಿ ಉಳಿದ ಇಟ್ಟಿಗೆ ಒಟ್ಟಿದೆ, ಸೆಂಟ್ರಿಂಗ್ ಹಲಗೆ ಬಿದ್ದಿವೆ. ಅದರ ಬಗ್ಗೆ ಇವರಿಗೆ ಚಿಂತೆ ಇಲ್ಲ, ಹೂವಿನ ಬಗ್ಗೆ ಇದೆ. ಅತ್ತೆ ಇನ್ನೊಂದು ರೊಟ್ಟಿ ಹಾಕಿ ಮಾತು ಮುಗಿಸಿದರು.

ಪಶ್ಚಿಮದ ಹೊಸ ಗೋಡೆಗೆ ಏನು ಹಬ್ಬಿಸೋದು ಅನ್ನೋದೇ ನನ್ನ ದೊಡ್ಡ ತಲೆಬಿಸಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಊರು. ಆ ಗೋಡೆ ರಾತ್ರಿ ಊಟ ಆದ ಮೇಲೂ ಮುಟ್ಟಿದರೆ ಸುಡುತ್ತೆ. ಅಲ್ಲಿ ಜಾಜಿ ಬದುಕಲ್ಲ. ಅದು ಪೂರ್ವದ ಕಡೆ, ಬೆಳಗಿನ ಬಿಸಿಲಿಗೆ. ಮನೋರಂಜಿನಿ ನನಗೆ ಆಸೆ. ಹಸಿರು ಹೂ ಹಳದಿಗೆ ತಿರುಗುವಾಗ ಮಾಗಿದ ಹಣ್ಣಿನ ವಾಸನೆ ಬರುತ್ತೆ. ಮದುವೆಗೆ ಮುಂಚೆ ನಮ್ಮ ತವರಿನಲ್ಲಿತ್ತು, ಹೂ ಎಲೆ ಮರೆಯಲ್ಲಿ ಇರುತ್ತಿತ್ತು, ಅವ್ವ ಮೂಗಿನಿಂದಲೇ ಹುಡುಕುತ್ತಿದ್ದಳು. ಆದರೆ ಅದಕ್ಕೆ ತೇವ ಬೇಕು, ಒಂಚೂರು ನೆರಳು ಬೇಕು. ಈ ಗೋಡೆಗೆ ಅಲ್ಲ.

ಗೋಡೆಗೆ ಆಗೋದು ಮಧುಮಾಲತಿ. ಅದನ್ನು ಯಾರೂ ನೆಡಬೇಕಾಗೂ ಇಲ್ಲ. ಖಡಿ ರಾಶಿ ಎತ್ತಿದ ಮೇಲೆ ಹಳೇ ಬೇರಿನಿಂದ ಎರಡು ಕಡೆ ಎದ್ದು ಬಂದಿದೆ. ಕೆಂಪನೆ ಚಿಗುರು, ಎಲೆ ಮೇಲೆ ಸಿಮೆಂಟ್ ಧೂಳು ಹಾಗೇ ಇದೆ. ಅತ್ತೆಗೆ ಅದು ಕಂಡರೆ ಕೋಪ, ಫ್ಲೋರಿಂಗ್ ಎಬ್ಬಿಸುತ್ತೆ ಅಂತ. ಸಣ್ಣತ್ತೆ ಮಾತ್ರ, "ಇಷ್ಟ ಬೈಸಿಕೊಂಡೂ ಬಂದೈತಿ, ಇರಲಿ ಬಿಡ" ಅಂದರು. ಗೋಡೆಗೆ ತಾಗಿಸಿ ಹಬ್ಬಿಸಬಾರದು. ಒಂದು ಗೇಣು ಬಿಟ್ಟು ಪೈಪ್ ನಿಲ್ಲಿಸಿ ತಂತಿ ಎಳೆಯಬೇಕು. ನಡುವೆ ಗಾಳಿ ಆಡುತ್ತೆ, ಗೋಡೆಯ ಕಾವು ಬಳ್ಳಿಗೆ ಹೊಡೆಯಲ್ಲ, ಬಳ್ಳಿಯ ನೆರಳು ಗೋಡೆಗೆ ಸಿಗುತ್ತೆ. ಮೇಲಿನ ಮನೆಯವರ ಮಲಗುವ ಕೋಣೆ ಅದೇ ಕಡೆ.

ಮಧುಮಾಲತಿ ಹೂ ಮುಸ್ಸಂಜೆಗೆ ಬಿಳಿಯಾಗಿ ಬಿಚ್ಚುತ್ತೆ. ಮರುದಿನ ಗುಲಾಬಿ, ಆಮೇಲೆ ಕೆಂಪು. ಬಿಳಿ ಇರುವಾಗ ಉದ್ದ ನಾಲಿಗೆಯ ದೊಡ್ಡ ಪತಂಗ ರಾತ್ರಿ ಬಂದು, ಗಾಳಿಯಲ್ಲೇ ನಿಂತು ಕುಡಿದು ಹೋಗುತ್ತೆ. ಬಣ್ಣ ತಿರುಗಿದ ಮೇಲೆ ಹಗಲು ಜೇನು, ಹಕ್ಕಿ. ಒಂದೇ ಗೊಂಚಲಲ್ಲಿ ಮೂರು ಬಣ್ಣ. ಕಟ್ಟಿದರೆ ದಂಡೆ ನಿಲ್ಲಲ್ಲ, ಹಾಗಾಗಿ ಯಾರೂ ಮುಡಿಯಲ್ಲ. ನನಗೆ ಅದೇ ಇಷ್ಟ. ಬೆಳಿಗ್ಗೆ ಎದ್ದು ಬಿಡಿಸು ಅಂತ ಹೇಳೋರಿಲ್ಲ.

ಕರೆಂಟ್ ಹೋಗಿ ಬಂತು. ಎಲ್ಲಿಗೆ ನಿಲ್ಲಿಸಿದ್ದೆ?

ಹಾಂ, ಎತ್ತಿನ ವಿಷಯ ಬಾಕಿ ಇತ್ತು. ಕಾರಹುಣ್ಣಿಮೆ ಮೊನ್ನೆ ಆಯಿತು, ಈ 25ಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಗ ಶಾಲೆಯಿಂದ ಬಂದವನು ಅಂಗಳದ ಮಣ್ಣು ಕಲಸಿ ಎತ್ತು ಮಾಡಲು ಕೂತ. ಕಾಲು ನಿಲ್ಲಿಸಿದರೆ ಹೊಟ್ಟೆ ಬಿರಿಯುತ್ತೆ, ಕೋಡು ಇಟ್ಟರೆ ಉದುರುತ್ತೆ. ಉಸುಕು ಎಲ್ಲಿ ನಿಲ್ಲುತ್ತೆ? ಸಿಟ್ಟು ಬಂದು ಎಲ್ಲಾ ಮುದ್ದೆ ಮಾಡಿ ಗೋಡೆಗೆ ಎಸೆದ. ಹೋದ ವರ್ಷ ಇದೇ ಅಂಗಳದ ಮಣ್ಣಲ್ಲಿ ಜೋಡಿ ಎತ್ತು, ಗೋದಲಿ ಎಲ್ಲಾ ಮಾಡಿದ್ದ. "ಮಮ್ಮೀ, ನಮ್ಮ ಮಣ್ಣು ಕೆಟ್ಟೈತಿ" ಅಂದ. ಸಣ್ಣತ್ತೆ ಹಾರೆ ಹಿಡಿದು ತೋರಿಸಿದ್ದನ್ನು ಇವನು ನೀರು ಕಲಸಿ ತೋರಿಸಿದ. ಈಗ ಹೊಲ ಇರುವ ಯಾರನ್ನಾದರೂ ಎರೆ ಮಣ್ಣು ಕೇಳಬೇಕು. ಎತ್ತಿಗೆ ಬೇರೆ, ಗುಂಡಿಗೆ ಬೇರೆ.

ಇಷ್ಟೆಲ್ಲ ಆದ ಮೇಲೆ ಸಂಜೆ ಚಹಾ ಕೊಡುವಾಗ ಇವರು ಮೆಲ್ಲಗೆ ಹೇಳಿದರು. ಪೇವರ್ ಹಾಕೋರು ಸೋಮವಾರ ಬರ್ತಾರಂತೆ. ಅಡ್ವಾನ್ಸ್ ಕೊಟ್ಟಾಗಿದೆ. ಇಡೀ ಅಂಗಳಕ್ಕೆ ಸಿಮೆಂಟ್ ಬಿಲ್ಲೆ ಹಾಸೋದು, ಗೇಟಿನಿಂದ ಹಿತ್ತಲ ಬಾಗಿಲವರೆಗೆ. ಕೆಸರಿರಲ್ಲ, ಕಸ ಹೊಡೆಯೋದು ಸಲೀಸು, ಬಾಡಿಗೆಯವರಿಗೆ ಗಾಡಿ ನಿಲ್ಲಿಸಲು ಜಾಗ, ಬಳ್ಳಿ ಬೇಕಾದರೆ ಎರಡು ದೊಡ್ಡ ಕುಂಡ ತರೋಣ. ಬಾಯಿಪಾಠ ಮಾಡಿಕೊಂಡು ಬಂದಿದ್ದರು ಅನ್ನಿಸುತ್ತೆ.

ನಾನು ಜಗಳ ಮಾಡಲಿಲ್ಲ, ದಣಿದಿದ್ದೆ. ಸಣ್ಣತ್ತೆ ಇದ್ದಾಗಲೇ ಯಾಕೆ ಹೇಳಲಿಲ್ಲ ಅಂತ ಮಾತ್ರ ಕೇಳಿದೆ. ಅದಕ್ಕೆ ಚಹಾ ಕುಡಿದರು.

ಈಗ ಎಲ್ಲಾ ಮಲಗಿದ್ದಾರೆ. ಸಸಿಯನ್ನು ಅಲ್ಲಿವರೆಗೆ ನೆರಳಲ್ಲಿಡು ಅಂದಿದ್ದರು ಸಣ್ಣತ್ತೆ, ಬಚ್ಚಲ ಹತ್ತಿರ ಹಳೇ ಬಕೆಟಿನಲ್ಲಿ ನಿಲ್ಲಿಸಿದ್ದೇನೆ. ಕಾಗದದ ಮೇಲೆ ಅಂಗಳ ಬರೆದು ಲೆಕ್ಕ ಹಾಕುತ್ತಿದ್ದೇನೆ. ಕಾಂಪೌಂಡ್ ಉದ್ದಕ್ಕೂ ಮೂರು ಅಡಿ, ಪಶ್ಚಿಮದ ಗೋಡೆ ಕೆಳಗೆ ಎರಡು ಅಡಿ ಬಿಟ್ಟು ನಡುವೆ ಮಾತ್ರ ಪೇವರ್ ಹಾಕಿದರೆ ಚದರ ಅಡಿ ಕಡಿಮೆ ಆಗುತ್ತೆ, ದುಡ್ಡೂ ಉಳಿಯುತ್ತೆ. ಈ ಮಾತು ಇವರಿಗೆ ಬೇಗ ನಾಟುತ್ತೆ. ಆದರೆ ಬಾಡಿಗೆಯವರು ಬೈಕ್ ತರ್ತಾರೋ ಕಾರ್ ತರ್ತಾರೋ ಗೊತ್ತಿಲ್ಲ. ಕಾರ್ ಆದರೆ ತಿರುಗಿಸಲು ಎಷ್ಟು ಬೇಕು, ನಾಳೆ ಟೇಪ್ ಹಿಡಿದು ನೋಡಬೇಕು. ಪಶ್ಚಿಮದ ಕಡೆ ನಿಲ್ಲಿಸಿದರೆ ಮಧುಮಾಲತಿ ಹೂವೆಲ್ಲ ಅದರ ಮೇಲೇ ಉದುರುತ್ತೆ, ಅದಕ್ಕೊಂದು ತಕರಾರು. ಇನ್ನು ಆ ನಲ್ಲಿ ಮೂಲೆ ಪೇವರ್ ಕೆಳಗೆ ಹೋದರೂ ಹೋಗಲಿ.